ರಕ್ಷಿಸಿದ ತಟ್ಟುಕುದುರೆಯನ್ನು ಯಾರಿಗೆ ಒಪ್ಪಿಸಬೇಕು?

ಯಲಹಂಕದ ಹೊರವಲಯದಲ್ಲಿ ಯಾರೋ ಬಿಟ್ಟುಹೋಗಿದ್ದ, ಕುಂಟುತ್ತಿದ್ದ ತಟ್ಟುಕುದುರೆಯನ್ನು ತಂದು ಖಾಲಿ ನಿವೇಶನವೊಂದರಲ್ಲಿ ಸಾಕುತ್ತಿದ್ದೀರಿ. ಅದೀಗ ಚೇತರಿಸಿಕೊಂಡಿದೆ, ಕನಕಪುರ ರಸ್ತೆಯ ರೆಸಾರ್ಟೊಂದರವರೂ ದೇವನಹಳ್ಳಿ ಕಡೆಯ ತೋಟದವರೊಬ್ಬರೂ ಕೇಳುತ್ತಿದ್ದಾರೆ, ಯಾರಿಗೆ ಕೊಡಲಿ ಎಂಬುದು ನಿಮ್ಮ ಪ್ರಶ್ನೆ. ಇಂತಹ ಕುದುರೆಗಳಿಗೆ ಆಸರೆ ಕೊಟ್ಟು ಮುಂದೆ ಬೇರೆಯವರಿಗೆ ಒಪ್ಪಿಸುತ್ತ ಬಂದಿರುವ ನನಗೆ, ಕೇಳಿ ಬಂದವರ ಬಳಿ ಎಷ್ಟು ಎಕರೆ ಜಾಗವಿದೆ ಎನ್ನುವುದಕ್ಕಿಂತ, ಗೊರಸು ಕತ್ತರಿಸಲು ಯಾರನ್ನು ಕರೆಸುತ್ತೀರಿ ಎಂದು ಕೇಳಿದಾಗ ಅವರು ಏನು ಹೇಳುತ್ತಾರೆ ಎನ್ನುವುದೇ ಮುಖ್ಯವಾಗಿ ಕಂಡಿದೆ.

ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡದಿದ್ದರೆ ಅದರ ಮುಂಭಾಗ ಉದ್ದವಾಗಿ, ಬಿರುಕು ಬಿಟ್ಟು, ಕಾಲಿನ ಕೀಲುಗಳ ಮೇಲೆ ತಪ್ಪು ಭಾರ ಬೀಳುತ್ತದೆ. ನಮ್ಮಲ್ಲಿಗೆ ಬಂದಿದ್ದ ಒಂದು ಕಂದು ಬಣ್ಣದ ಹೆಣ್ಣು ತಟ್ಟಿನ ಬೆನ್ನಿನಲ್ಲಿ, ಜೀನು ಉಜ್ಜಿ ಆದ ಹಳೆಯ ಗಾಯಗಳು ಮಾಗಿದ ಕಡೆಯೆಲ್ಲ ಬಿಳಿ ಕೂದಲು ಬೆಳೆದಿತ್ತು. ಲಾಳ ಕಟ್ಟುವವರು ಅದರ ಮುಂಗಾಲನ್ನು ಎತ್ತಿ ತಮ್ಮ ಮಂಡಿಗಳ ನಡುವೆ ಹಿಡಿದು ತಳವನ್ನು ಕೆರೆದಾಗ, ಕೊಳೆತು ಕಪ್ಪಾಗಿದ್ದ ಭಾಗದೊಳಗಿಂದ ಜಲ್ಲಿಯ ಚೂರೊಂದು ಹೊರಬಂತು. ಕುದುರೆ ರೇಸು ಮತ್ತು ಸವಾರಿ ಶಾಲೆಗಳಿರುವ ಬೆಂಗಳೂರಿನಲ್ಲಿ ಈ ಕೆಲಸ ಬಲ್ಲವರು ಸಿಗುತ್ತಾರೆ. ಅವರನ್ನು ನಿಯಮಿತವಾಗಿ ಕರೆಸುವ ಖರ್ಚಿನ ಬಗ್ಗೆ ಯೋಚಿಸಿಯೇ ಇಲ್ಲದವರಿಗೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ತಟ್ಟನ್ನು ಕೊಡಬಾರದು.

ಯಾರಿಗೇ ಕೊಡುವ ಮುನ್ನ ಎರಡು ಕೆಲಸಗಳು ಆಗಲೇಬೇಕು. ಕ್ರೌರ್ಯದ ದೂರು ದಾಖಲಾಗಿ ಪೊಲೀಸರು ಕುದುರೆಯನ್ನು ವಶಪಡಿಸಿಕೊಂಡು ನಿಮ್ಮ ಸುಪರ್ದಿಗೆ ಕೊಟ್ಟಿದ್ದರೆ ಅದು ಪ್ರಕರಣದ ಸ್ವತ್ತು. ನ್ಯಾಯಾಲಯದ ಆದೇಶವಿಲ್ಲದೆ ಬೇರೆಯವರಿಗೆ ಒಪ್ಪಿಸುವಂತಿಲ್ಲ. ದೂರು ಇಲ್ಲದಿದ್ದರೂ, ಕುದುರೆ ಸಿಕ್ಕಿರುವ ವಿಷಯವನ್ನು ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ, ಏಕೆಂದರೆ ಅದು ದಷ್ಟಪುಷ್ಟವಾದ ಮೇಲೆ ಹಳೆಯ ಮಾಲೀಕರು ಹಕ್ಕು ಕೇಳಿಕೊಂಡು ಬರಬಹುದು. ಎರಡನೆಯದು ಗ್ಲ್ಯಾಂಡರ್ಸ್ ಪರೀಕ್ಷೆ. ಇದು ಕುದುರೆ, ಕತ್ತೆ, ಹೇಸರಗತ್ತೆಗಳಿಂದ ಮನುಷ್ಯರಿಗೂ ಹರಡುವ ಮಾರಕ ರೋಗವಾಗಿದ್ದು, 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಸರ್ಕಾರಿ ಪಶುವೈದ್ಯರ ಮೂಲಕ ರಕ್ತದ ಮಾದರಿ ಕಳುಹಿಸಿ, ವರದಿ ಬರುವವರೆಗೆ ತಟ್ಟನ್ನು ಬೇರೆ ಕುದುರೆಗಳ ಹತ್ತಿರ ಬಿಡಬೇಡಿ. ಧನುರ್ವಾಯುವಿನ ಲಸಿಕೆಯನ್ನೂ ಹಾಕಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮಗೆ ಸಮೀಪದಲ್ಲೇ ಇದೆ. ಹಲ್ಲು ನೋಡಿ ಅಂದಾಜು ವಯಸ್ಸನ್ನೂ ಅಲ್ಲಿ ಕೇಳಿ ತಿಳಿದುಕೊಳ್ಳಿ. ಚೆನ್ನಾಗಿ ಸಾಕಿದರೆ ತಟ್ಟು ಇಪ್ಪತ್ತೈದು ವರ್ಷ ದಾಟಿಯೂ ಬದುಕಬಲ್ಲದು, ಹಾಗಾಗಿ ಒಯ್ಯುವವರಿಗೆ ವಯಸ್ಸು ಗೊತ್ತಿರಬೇಕು.

ರೆಸಾರ್ಟಿನ ಬಗ್ಗೆ ನನಗೆ ಆತಂಕವಿದೆ. ಮಕ್ಕಳು ಮುಟ್ಟಿ ಮಾತಾಡಿಸಲಿ ಎಂದೇ ಅವರು ಹೇಳುತ್ತಿರಬಹುದು, ಆದರೆ ವಾರಾಂತ್ಯದ ಜನಸಂದಣಿಯಲ್ಲಿ ಒಂದು ಸುತ್ತು ಕೂರಿಸಿ ಎಂದು ಕೇಳುವವರು ಬಂದೇ ಬರುತ್ತಾರೆ, ಕಾಲು ನೊಂದ ಪ್ರಾಣಿ ಮತ್ತೆ ಜೀನು ಹೊರಬೇಕಾಗುತ್ತದೆ. ಮದುವೆ ಮೆರವಣಿಗೆಗೆ ಕುದುರೆ ಒದಗಿಸುವವರು ಕೇಳಿದರಂತೂ ನೇರವಾಗಿ ಇಲ್ಲವೆಂದುಬಿಡಿ.

ತೋಟದವರಿಗೆ ಕೊಡುವುದಾದರೆ ಮೊದಲು ಹೋಗಿ ನೋಡಿ ಬನ್ನಿ. ಹಸು ಸಾಕುವವರು ಕುದುರೆಗೂ ಅದೇ ಪಶು ಆಹಾರ ಹಾಕುವುದುಂಟು. ಕೆಲವು ದನದ ಮತ್ತು ಕೋಳಿಯ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ, ಸ್ವಲ್ಪವೇ ತಿಂದರೂ ಸಾಯಬಹುದು. ಪ್ರೀತಿಯಿಂದ ಹುರುಳಿ, ಬೂಸಾ ಹೆಚ್ಚು ತಿನ್ನಿಸಿದರೂ ಅಪಾಯವೇ: ತಟ್ಟುಗಳು ಬೇಗ ಕೊಬ್ಬಿ, ಗೊರಸಿನ ಒಳಪದರ ಊದಿಕೊಳ್ಳುವ ಲ್ಯಾಮಿನೈಟಿಸ್‌ಗೆ ತುತ್ತಾಗುತ್ತವೆ. ದಿನಕ್ಕೆ ದೇಹತೂಕದ ಶೇಕಡಾ ಒಂದೂವರೆಯಿಂದ ಎರಡರಷ್ಟು ಒಣಹುಲ್ಲು, ಎಂದರೆ ಇನ್ನೂರು ಕಿಲೋ ತೂಗುವ ತಟ್ಟಿಗೆ ಮೂರರಿಂದ ನಾಲ್ಕು ಕಿಲೋ, ಸದಾ ಶುದ್ಧ ನೀರು, ಉಪ್ಪಿನ ಗಡ್ಡೆ, ಮಳೆ ಬಿಸಿಲಿಗೆ ನೆರಳು ಇದ್ದರೆ ಸಾಕು.

ಒಪ್ಪಿಸುವಾಗ ಪತ್ರ ಬರೆಸಿಕೊಳ್ಳಿ. ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಸವಾರಿಗೆ ಬಳಸುವಂತಿಲ್ಲ, ಸಾಕಲಾಗದಿದ್ದರೆ ನಿಮಗೇ ಮರಳಿಸಬೇಕು, ನೀವು ಬಂದು ನೋಡಲು ಅವಕಾಶವಿರಬೇಕು ಎಂಬುದೆಲ್ಲ ಅದರಲ್ಲಿರಲಿ. ಕುದುರೆ ಗುಂಪಿನಲ್ಲಿ ಬಾಳುವ ಪ್ರಾಣಿ, ಒಂಟಿಯಾಗಿ ಕಟ್ಟಿಹಾಕಿದರೆ ಕೊರಗುತ್ತದೆ. ತೋಟದವರು ಪತ್ರಕ್ಕೆ ಸಹಿ ಹಾಕಿ, ಜೊತೆಗೆ ಇನ್ನೊಂದು ತಟ್ಟನ್ನೋ ಕತ್ತೆಯನ್ನೋ ಸಾಕಲು ಸಿದ್ಧರಿದ್ದರೆ, ನಾನಾಗಿದ್ದರೆ ಅವರಿಗೇ ಕೊಡುತ್ತಿದ್ದೆ.