ಬೆಕ್ಕು ಬರುವ ಮೊದಲೇ ಊರು ಎದ್ದಿತ್ತು

ಓದುಗರ ಪತ್ರ: ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಜಪಾನಿನ ಕಿಶಿ ನಿಲ್ದಾಣದ ಬೆಕ್ಕು ಸ್ಟೇಷನ್ ಮಾಸ್ಟರ್ ಬಗ್ಗೆ ಓದಿದೆ. ಇದೆಲ್ಲ ಪ್ರಚಾರದ ಗಿಮಿಕ್ ಅಲ್ವಾ? ಒಬ್ಬಳೇ ಹುಡುಗಿಯ ಶಾಲೆ ಮುಗಿಯುವವರೆಗೆ ನಿಲ್ದಾಣ ತೆರೆದಿಟ್ಟ, ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ರೈಲ್ವೆಯ ಕಥೆ ಇದಕ್ಕಿಂತ ದೊಡ್ಡದು. ಆದರೂ ಲೆಕ್ಕ ನೋಡಿದರೆ, ಜನ ಹತ್ತದ ನಿಲ್ದಾಣ ಮುಚ್ಚಿ ಬಸ್ ಬಿಡುವುದೇ ಸರಿ. ಒಸಾಕಾದಲ್ಲಿರುವ ನನ್ನ ಮಗಳು ಕಿಶಿಗೆ ಹೋಗಬೇಕು ಅನ್ನುತ್ತಿದ್ದಾಳೆ. ಹೋಗಿ ನೋಡುವಂಥದ್ದು ಅಲ್ಲೇನಿದೆ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಷ್ಟದ ಮಾತು ಸುಳ್ಳಲ್ಲ, ಒಪ್ಪುತ್ತೇನೆ. 10 ಮಾರ್ಗಗಳ 13 ಭಾಗಗಳನ್ನು, ಅಂದರೆ 1,237 ಕಿ.ಮೀ. ರೈಲು ಹಾದಿಯನ್ನು, ನಮ್ಮೊಬ್ಬರಿಂದಲೇ ನಡೆಸಲು ಆಗುವುದಿಲ್ಲ ಎಂದು ಹೊಕ್ಕೈಡೊದ ಜೆಆರ್ (ಜಪಾನ್ ರೈಲ್ವೇಸ್) ಕಂಪನಿ 2016ರ ನವೆಂಬರ್‌ನಲ್ಲಿ ಹೇಳಿತು. ಹಿಮ ಜಾಸ್ತಿ, ಜನ ಕಡಿಮೆ. ಕೆಲವು ಕಡೆ ಬಸ್ಸೇ ಸರಿ.

ಆದರೆ ನಿಮ್ಮ ಆ ಹುಡುಗಿಯ ಕಥೆ ನನಗೆ ಸಂಕಟ ಕೊಡುತ್ತದೆ. 2016ರ ಜನವರಿಯಲ್ಲಿ ಅದು ಜಗತ್ತೆಲ್ಲ ಸುತ್ತಿತು. ನಮ್ಮ ಮೊಬೈಲ್‌ಗಳಿಗೂ ಬಂತು. ಹಬ್ಬಿದ ಸುದ್ದಿಯಲ್ಲಿ ಇದ್ದದ್ದು ಕಾಮಿ-ಶಿರಾತಾಕಿ ನಿಲ್ದಾಣದ ಹೆಸರು. ಆ ವಿದ್ಯಾರ್ಥಿನಿ ಹತ್ತುತ್ತಿದ್ದದ್ದು ಅದೇ ಮಾರ್ಗದ ಕ್ಯೂ-ಶಿರಾತಾಕಿಯಲ್ಲಿ. ಅದೇ ರೈಲಿನಲ್ಲಿ ಬೇರೆ ಮಕ್ಕಳೂ ಹೋಗುತ್ತಿದ್ದರು. ಜಪಾನಿನಲ್ಲಿ ಶಾಲೆಯ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ, ರೈಲಿನ ಹೊಸ ವೇಳಾಪಟ್ಟಿ ಬರುವುದೂ ಮಾರ್ಚ್‌ನಲ್ಲಿ. ಹಾಗಾಗಿ ಅವಳಿಗಾಗಿಯೇ ಕಂಪನಿ ಕಾಯಿತು ಎಂದು ಎಲ್ಲರೂ ನಂಬಿದರು. ಇಷ್ಟಾಗಿ, ಆ ಮಾರ್ಚ್‌ನಲ್ಲಿ ಕಾಮಿ-ಶಿರಾತಾಕಿ, ಕ್ಯೂ-ಶಿರಾತಾಕಿ, ಶಿಮೊ-ಶಿರಾತಾಕಿ ಮೂರೂ ಒಟ್ಟಿಗೆ ಮುಚ್ಚಿದವು. ಅದನ್ನು ಫಾರ್ವರ್ಡ್ ಮಾಡಿದವರು ಕಡಿಮೆ.

ಈಗ ಕಿಶಿಗೆ ಬರೋಣ. ಒಸಾಕಾದ ದಕ್ಷಿಣಕ್ಕಿರುವ ವಾಕಾಯಾಮಾ ನಗರದಿಂದ ಕಿಶಿಗೆ 14.3 ಕಿ.ಮೀ. ಹಾದಿ, ಒಟ್ಟು 14 ನಿಲ್ದಾಣ. ಕೊನೆಯದೇ ಕಿಶಿ. ಮೂರು ದೇವಸ್ಥಾನಗಳಿಗೆ ಹೋಗುವ ಭಕ್ತರಿಗಾಗಿ 1916ರಲ್ಲಿ ಶುರುವಾದ ಈ ಹಾದಿ 1933ರಲ್ಲಿ ಕಿಶಿ ಮುಟ್ಟಿತು. ಆಮೇಲೆ ಇದು ನಾನ್‌ಕಾಯ್ ಎಂಬ ದೊಡ್ಡ ಕಂಪನಿಯ ಕೈಗೆ ಬಂತು. ವರ್ಷಕ್ಕೆ ಸುಮಾರು 50 ಕೋಟಿ ಯೆನ್ ನಷ್ಟ. 2004ರಲ್ಲಿ ಕಂಪನಿ, ನಮ್ಮಿಂದ ಆಗುವುದಿಲ್ಲ ಎಂದು ಕೈ ಎತ್ತಿತು.

ಮುಖ್ಯವಾದದ್ದು ನಡೆದದ್ದು ಆಗ. ಬೆಕ್ಕಿನ ಸುದ್ದಿ ಇನ್ನೂ ಎಲ್ಲೂ ಇರಲಿಲ್ಲ. ಹಾದಿಯುದ್ದಕ್ಕೂ ಇದ್ದ ಊರಿನವರು ಸೇರಿ ಕಿಶಿಗಾವಾ ಎಂಬ ಈ ಮಾರ್ಗದ ನಾಳೆಗಾಗಿ ಒಂದು ಸಂಘ ಕಟ್ಟಿದರು. ವರ್ಷಕ್ಕೆ 1,000 ಯೆನ್ ಸದಸ್ಯತ್ವ. ಸುಮಾರು 6,000 ಜನ ಆ ಹಣ ಕೊಟ್ಟರು. ಅವರ ಘೋಷಣೆ ಬಹಳ ಸರಳ: ರೈಲು ಹತ್ತೋಣ, ರೈಲು ಉಳಿಸೋಣ. ಇಷ್ಟು ಜನ ಒಟ್ಟಾದ ಮೇಲೆ ಸರ್ಕಾರಗಳು ಸುಮ್ನೆ ಇರಲು ಆಗಲಿಲ್ಲ. ಹಳಿಯ ಕೆಳಗಿನ ಜಾಗವನ್ನು ಸ್ಥಳೀಯ ಆಡಳಿತಗಳು ಪ್ರಾಂತ್ಯದ ಹಣದಿಂದ ಕೊಂಡುಕೊಂಡವು. 10 ವರ್ಷದ ನಷ್ಟ ತುಂಬಲು 82 ಕೋಟಿ ಯೆನ್‌ವರೆಗೆ ಕೊಡುತ್ತೇವೆ ಎಂದವು. ರೈಲು ಓಡಿಸಲು ಒಕಾಯಾಮಾ ಎಂಬ ಬೇರೊಂದು ನಗರದ ಟ್ರಾಮ್ ಕಂಪನಿ ಮುಂದೆ ಬಂತು. 2006ರ ಏಪ್ರಿಲ್ 1ರಂದು ಹೊಸ ಕಂಪನಿಯ ಹೆಸರಿನಲ್ಲಿ ರೈಲು ಹೊರಟಿತು.

ಬೆಕ್ಕು ಬಂದದ್ದು ಇದಾದ ಮೇಲೆ. ಖರ್ಚು ಉಳಿಸಲು ಕಿಶಿಯಲ್ಲಿ ಸಿಬ್ಬಂದಿಯನ್ನೇ ತೆಗೆದಿದ್ದರು. ಪಕ್ಕದ ಅಂಗಡಿಯವರ ಬೆಕ್ಕುಗಳಿದ್ದ ಗೂಡನ್ನೂ ತೆರವು ಮಾಡಬೇಕಾಗಿತ್ತು. ಇವುಗಳಿಗೆ ನಿಲ್ದಾಣದಲ್ಲೇ ಜಾಗ ಕೊಡಿ ಎಂದು ಅವರು ಹೊಸ ಕಂಪನಿಯ ಅಧ್ಯಕ್ಷ ಮಿತ್ಸುನೊಬು ಕೊಜಿಮಾ ಅವರನ್ನು ಕೇಳಿಕೊಂಡರು. 2007ರ ಜನವರಿಯಲ್ಲಿ ತಮಾ ಎಂಬ ಬೆಕ್ಕಿಗೆ ಟೋಪಿ ಹಾಕಿ ಸ್ಟೇಷನ್ ಮಾಸ್ಟರ್ ಮಾಡಿದರು. ಸಂಬಳ, ಬೆಕ್ಕಿನ ಆಹಾರ. ಜನ ಮುಗಿಬಿದ್ದರು. 2010ರಲ್ಲಿ ವಿನ್ಯಾಸಕಾರ ಏಜಿ ಮಿತೊಓಕಾ ಬೆಕ್ಕಿನ ಮುಖದಂಥ ಹೊಸ ಕಟ್ಟಡ ಮಾಡಿಕೊಟ್ಟರು. 2015ರ ಜೂನ್‌ನಲ್ಲಿ ತಮಾ ಸತ್ತಾಗ ಸಾವಿರಾರು ಜನ ಬಂದು ಕೈಮುಗಿದರು. ಪ್ಲಾಟ್‌ಫಾರಂನಲ್ಲೇ ಅದಕ್ಕೊಂದು ಪುಟ್ಟ ಗುಡಿ ಇದೆ.

ನೀವು ಇದನ್ನು ಗಿಮಿಕ್ ಅನ್ನುತ್ತೀರಿ. ನನಗೆ ಆ ಬೆಕ್ಕಿನ ಮೇಲೆ ನಿಜವಾದ ಗೌರವ ಇದೆ. ಆದರೆ ಕಿಶಿಯನ್ನು ಬೆಕ್ಕು ಉಳಿಸಿತು ಎಂದು ಯಾರಾದರೂ ಬರೆದಾಗ ಆ 6,000 ಜನರ ನೆನಪಾಗಿ ಹೊಟ್ಟೆ ಉರಿಯುತ್ತದೆ. ಬೆಕ್ಕು ಟೋಪಿ ಹಾಕಿಕೊಳ್ಳುವ ಹೊತ್ತಿಗೆ ಹಾದಿ ಉಳಿದಾಗಿತ್ತು.

ಹೊಕ್ಕೈಡೊದಲ್ಲೂ ಹೀಗೆ ಒಂದಿದೆ. ಕೊಬೊರೊ ನಿಲ್ದಾಣ ಎರಡು ಸುರಂಗಗಳ ನಡುವೆ ಸಿಕ್ಕಿಕೊಂಡಿದೆ. ಕಾರು ಹೋಗುವ ರಸ್ತೆ ಇಲ್ಲ, ಅಕ್ಕಪಕ್ಕ ಮನೆ ಇಲ್ಲ. ನಿಮ್ಮ ಲೆಕ್ಕದಲ್ಲಿ ಮುಚ್ಚಲು ಇದಕ್ಕಿಂತ ಒಳ್ಳೆಯ ನಿಲ್ದಾಣ ಸಿಗಲಿಕ್ಕಿಲ್ಲ. ಕಂಪನಿಯೂ 2015ರಲ್ಲಿ ಹಾಗೇ ಹೇಳಿತು. ತೊಯೊಉರಾ ಊರಿನ ಆಡಳಿತ ಒಪ್ಪಲಿಲ್ಲ. ಇದು ನಮ್ಮ ಊರಿನ ಗುರುತು, ಖರ್ಚು ನಾವು ಕೊಡುತ್ತೇವೆ ಎಂದಿತು. 2016ರಿಂದ ಕೊಡುತ್ತಲೂ ಬಂತು.

ನನ್ನ ದೂರು ನಿಮ್ಮೊಬ್ಬರ ಮೇಲಲ್ಲ, ಕಥೆ ಆರಿಸುವ ನಮ್ಮೆಲ್ಲರ ರುಚಿಯ ಮೇಲೆ. ದೊಡ್ಡವರು ಕರುಣೆ ತೋರಿಸಿದರು ಅಂದರೆ ಕಣ್ಣು ತುಂಬುತ್ತದೆ. ಊರಿನವರು ಸಂಜೆ ಹೊತ್ತು ಸಭೆ ಸೇರಿದರು, ಚಂದಾ ಎತ್ತಿದರು, ನಿಲ್ದಾಣ ಗುಡಿಸಿದರು, ಕಚೇರಿಗೆ ಅಲೆದರು ಅಂದರೆ ಪುಟ ತಿರುಗಿಸುತ್ತೇವೆ. ಪತ್ರಿಕೆಗಳೂ ಹಾಗೇ, ಬೆಕ್ಕಿನ ಫೋಟೋ ದೊಡ್ಡದಾಗಿ ಹಾಕುತ್ತವೆ. ಶಾಲೆ, ಅಂಚೆ ಕಚೇರಿ, ಗ್ರಂಥಾಲಯ ಮುಚ್ಚುವ ಸುದ್ದಿ ಬಂದಾಗಲೂ ನಾವು ಯಾರೋ ಒಬ್ಬ ದಯಾಳುವಿಗಾಗಿ ಕಾಯುತ್ತೇವೆ. ಟಿಕೆಟ್ ಹಣ ಮಾತ್ರ ಎಣಿಸುವ ಲೆಕ್ಕ ನೀವು ಕಲಿತದ್ದೂ ಅಲ್ಲಿಂದಲೇ ಅನ್ನಿಸುತ್ತದೆ. ಮುದುಕರು ಆಸ್ಪತ್ರೆಗೆ, ಮಕ್ಕಳು ಹೈಸ್ಕೂಲಿಗೆ ಹೋಗಿ ಬರುವುದು ಆ ಲೆಕ್ಕದಲ್ಲಿ ಎಲ್ಲಿ ಬರುತ್ತದೆ, ಹೇಳಿ.

ಮಗಳನ್ನು ಖಂಡಿತ ಕಳಿಸಿ. ಒಸಾಕಾದಿಂದ ಜೆಆರ್ ರೈಲಿನಲ್ಲಿ ವಾಕಾಯಾಮಾಕ್ಕೆ ಬಂದು 9ನೇ ಪ್ಲಾಟ್‌ಫಾರಂಗೆ ಹೋಗಬೇಕು. ಅಲ್ಲಿಂದ ಕಿಶಿ ಅರ್ಧ ಗಂಟೆಯ ದಾರಿ. ಸೀದಾ ಕೊನೆಗೆ ಹೋಗಿ ಫೋಟೋ ತೆಗೆದು ವಾಪಸ್ ಬರುವುದು ಬೇಡ. ನಡುವೆ ಒಂದೆರಡು ನಿಲ್ದಾಣಗಳಲ್ಲಿ ಇಳಿಯಲಿ, ಇಳಿದಾಗೆಲ್ಲ ಮತ್ತೆ ಟಿಕೆಟ್ ಕೊಂಡು ಹತ್ತಲಿ. ಸಂಘದವರು ಕೇಳಿಕೊಂಡದ್ದೂ ಅಷ್ಟೇ.