ಮಾಸ್ತರರನ್ನು ಕೇಳಿ: ಹಲಸಿನಹಣ್ಣನ್ನು ನೂಕಿದವರು ಯಾರು?

ಪ್ರಶ್ನೆ: ಮಾಸ್ತರರೇ, ಹತ್ತೊಂಬತ್ತು ವರ್ಷಗಳಿಂದ ನಾನು ಬಸ್ ನಿರ್ವಾಹಕ. ಚಾಲಕರು ಬ್ರೇಕ್ ಒತ್ತಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ, ಆಮೇಲೆ ನನ್ನ ಮುಖ ನೋಡಿ ಬೈಯುತ್ತಾರೆ. ನಿಜಕ್ಕೂ ಅವರನ್ನು ಮುಂದಕ್ಕೆ ನೂಕುವುದು ಏನು?
(ನಿರ್ವಾಹಕರು, ಕುಮಟಾ)

ಉತ್ತರ: ಯಾರೂ ನೂಕುವುದಿಲ್ಲ, ಯಾವುದೂ ನೂಕುವುದಿಲ್ಲ. ನಿಮ್ಮನ್ನು ಬೈಯುವುದಂತೂ ಶುದ್ಧ ಅನ್ಯಾಯ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ರಜೆ ಮುಗಿಸಿ ಹೊರಟಾಗ ಅಮ್ಮ ಒಂದು ಬಕ್ಕೆ ಹಲಸಿನಹಣ್ಣು ಹೊರಿಸಿದ್ದಳು. ಬಸ್ಸಿನಲ್ಲಿ ಅದನ್ನು ಸೀಟಿನ ಕೆಳಗೆ ಅಡ್ಡ ಮಲಗಿಸಿ ಕುಳಿತೆ. ದೇವಿಮನೆ ಘಟ್ಟದಲ್ಲಿ ಎದುರಿಗೆ ಲಾರಿ ಬಂತು, ಬ್ರೇಕ್ ಬಿತ್ತು. ಹಣ್ಣು ಸೀಟಿನ ಅಡಿಯಿಂದ ಹೊರಟು, ಒಬ್ಬ ಅಜ್ಜಿಯ ಚೀಲವನ್ನು ಸವರಿಕೊಂಡು, ಗೇರಿನ ಪಕ್ಕಕ್ಕೆ ಹೋಗಿ ಢಬ್ ಎಂದು ನಿಂತಿತು. ‘ಯಾರದು ನೂಕಿದ್ದು?’ ಎಂದು ಚಾಲಕರು ಹಿಂದಿರುಗಿ ಕೇಳಿದರು. ವಿಜ್ಞಾನದ ಮಾಸ್ತರನಾಗಿ ನಾನು ಎದ್ದು ನಿಂತು ಉತ್ತರ ಹೇಳಬೇಕಿತ್ತು. ಹಣ್ಣು ನನ್ನದೆಂದು ತಿಳಿದೀತೆಂದು ಸುಮ್ಮನಿದ್ದೆ.

ಉತ್ತರ ಇಷ್ಟೇ. ಬಸ್ಸು ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುತ್ತಿದ್ದಾಗ ಹಣ್ಣೂ ಅದೇ 40ರಲ್ಲಿ ಹೋಗುತ್ತಿತ್ತು. ಬ್ರೇಕ್ ಹಿಡಿದದ್ದು ಚಕ್ರವನ್ನು, ಚಕ್ರವನ್ನು ತಡೆದದ್ದು ರಸ್ತೆ. ಹಣ್ಣನ್ನು ಯಾರೂ ಹಿಡಿಯಲಿಲ್ಲ. ಬಸ್ಸು ನಿಂತಿತು, ಹಣ್ಣು ನಿಲ್ಲಲಿಲ್ಲ. ಇದಕ್ಕೆ ಪಾಠಪುಸ್ತಕದ ಹೆಸರು ಜಡತ್ವ. ಈ ಹೆಸರು ನನಗೆ ಅಷ್ಟು ಸೇರುವುದಿಲ್ಲ, ಏಕೆಂದರೆ ಜಡ ಎಂದಾಗ ಬಿದ್ದುಕೊಂಡದ್ದು ಮಾತ್ರ ಕಣ್ಣಿಗೆ ಬರುತ್ತದೆ. ಓಡುವುದು ಓಡುತ್ತಲೇ ಇರುವುದೂ ಜಡತ್ವವೇ.

ನಿಂತ ಪ್ರಯಾಣಿಕನ ಪಾದವನ್ನು ಬಸ್ಸಿನ ನೆಲ ಘರ್ಷಣೆಯಿಂದ ಹಿಡಿದುಕೊಳ್ಳುತ್ತದೆ, ತಲೆಯನ್ನು ಹಿಡಿಯುವವರಿಲ್ಲ. ಕಾಲು ನಿಂತು ತಲೆ ಮುಂದೆ ಹೋದರೆ ಅದನ್ನೇ ಮುಗ್ಗರಿಸುವುದು ಎನ್ನುತ್ತೇವೆ. 40ರಲ್ಲಿರುವ ಬಸ್ಸು ಎರಡು ಸೆಕೆಂಡಿನಲ್ಲಿ ನಿಂತರೆ, 60 ಕಿಲೋದ ಮನುಷ್ಯ ಕಂಬಿಯನ್ನೇ ನಂಬಿ ನಿಂತಿದ್ದರೆ ಅವನ ಕೈಗೆ ಬರುವ ಎಳೆತ ಸುಮಾರು 34 ಕಿಲೋ ಮೂಟೆಯಷ್ಟು. ಅದೇ ಬಸ್ಸು ನಾಲ್ಕು ಸೆಕೆಂಡು ತೆಗೆದುಕೊಂಡರೆ ಅರ್ಧ ಸಾಕು. ನೀವು ಟಿಕೆಟ್ ಹರಿಯುವಾಗ ಒಂದು ಕಾಲು ಮುಂದಿಟ್ಟು ಸೊಂಟವನ್ನು ಸೀಟಿಗೆ ಒರಗಿಸುತ್ತೀರಲ್ಲ, ಅದು ಈ ಲೆಕ್ಕವನ್ನು ಮೈಯೇ ಕಲಿತ ಬಗೆ.

ಇದೇ ವಿಷಯದಲ್ಲಿ ಒಂದು ತಮಾಷೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಾರಿಕಾಂಬಾ ಜಾತ್ರೆಯಿಂದ ಮರಳುವಾಗ ಮೊಮ್ಮಗಳು ಕಾರಿನಲ್ಲಿ ಗ್ಯಾಸ್ ಬಲೂನು ಹಿಡಿದಿದ್ದಳು. ಕಿಟಕಿಗಳು ಮುಚ್ಚಿದ್ದವು. ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಕ್ಕೆ ಬಾಗಿದೆವು, ಬಲೂನು ಮಾತ್ರ ಹಿಂದಕ್ಕೆ ಬಾಗಿತು! ಕಾರಿನೊಳಗಿನ ಗಾಳಿಯೂ ಹಲಸಿನಹಣ್ಣಿನ ಹಾಗೆಯೇ: ಅದೂ ಮುಂದಕ್ಕೆ ನುಗ್ಗಿ ಮುಂಭಾಗದಲ್ಲಿ ಒತ್ತಿಕೊಳ್ಳುತ್ತದೆ. ಬಲೂನು ಗಾಳಿಗಿಂತ ಹಗುರ. ಒತ್ತಡ ಹೆಚ್ಚಿದ ಕಡೆಯಿಂದ ಕಡಿಮೆ ಇರುವ ಕಡೆಗೆ, ಅಂದರೆ ಹಿಂದಕ್ಕೆ ಸರಿಯುತ್ತದೆ. ಮುಂದಿನ ಜಾತ್ರೆಗೆ ಇನ್ನೂ ಕಾಯಬೇಕು ಎನ್ನುವವರು ಬಲೂನನ್ನು ಪೇಟೆಯಲ್ಲೇ ಕೊಂಡು ನೋಡಬಹುದು.

ಪ್ರಶ್ನೆ: ಜವ ಮತ್ತು ವೇಗ ಎರಡೂ ಒಂದೇ ಅಲ್ಲವೇ? ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದು ಬರೆದದ್ದಕ್ಕೆ ಅಂಕ ಹೋಯಿತು.
(ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ಅಂಕೋಲಾ)

ಉತ್ತರ: ಅಂಕ ಹೋದದ್ದು ಸರಿಯೇ ತಮ್ಮಾ. ಘಟ್ಟದ ತಿರುವಿನಲ್ಲಿ ಮೀಟರಿನ ಮುಳ್ಳು 30ರಲ್ಲೇ ನಿಂತಿದ್ದರೂ ಬಸ್ಸಿನ ದಿಕ್ಕು ಬದಲಾಗುತ್ತಲೇ ಇರುತ್ತದೆ. ಮುಳ್ಳು ತೋರಿಸುವುದು ಜವ. ದಿಕ್ಕನ್ನೂ ಸೇರಿಸಿ ಹೇಳಿದರೆ ವೇಗ. ಆ ತಿರುವಿನಲ್ಲಿ ಜವ ಬದಲಾಗಲಿಲ್ಲ, ವೇಗ ಬದಲಾಯಿತು. ಅದಕ್ಕೇ ನೀನು ಪಕ್ಕದವರ ಮೈಮೇಲೆ ವಾಲಿದ್ದು. ಜವರಾಯನ ಜವ ಬೇರೆ ಪದ, ಅದು ಯಮನಿಂದ ಬಂದದ್ದು. ಘಟ್ಟದಲ್ಲಿ ಮಾತ್ರ ಇಬ್ಬರೂ ಹತ್ತಿರದ ನೆಂಟರು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕಂಪನಿಯೊಂದರಲ್ಲಿದ್ದೇನೆ. ಕೊಯ್ಲಿಗೆ ಊರಿಗೆ ಬಂದಾಗ ಅಪ್ಪ ನನಗೆ ಬಲೆ ಹಿಡಿಯುವ ಕೆಲಸ ಕೊಟ್ಟರು. ಉದ್ದನೆಯ ದೋಟಿಯಿಂದ ಕೊಯ್ದ ಅಡಿಕೆ ಕೊನೆ (ಗೊನೆ) ಮೇಲಿನಿಂದ ಬೀಳುತ್ತದೆ, ಇಬ್ಬರು ಬಲೆ ಹಿಡಿದು ಅದನ್ನು ಆತುಕೊಳ್ಳಬೇಕು. ನೆಲಕ್ಕೆ ತಾಗಬಾರದೆಂದು ನಾನು ಬಲೆಯನ್ನು ಬಿಗಿಯಾಗಿ ಎಳೆದು ಹಿಡಿದೆ. ‘ಸಡಿಲ ಬಿಡೋ’ ಎಂದು ಅಪ್ಪ ಎಲ್ಲರೆದುರು ಗದರಿದರು. ಬಿಗಿಯಾಗಿದ್ದರೆ ಒಳ್ಳೆಯದಲ್ಲವೇ?
(ಬೆಳೆಗಾರರ ಮಗ, ಸಿದ್ದಾಪುರ)

ಉತ್ತರ: ಅಪ್ಪ ಗದರಿದ್ದು ನಿಮ್ಮ ಭುಜ ಉಳಿಯಲೆಂದು.

ಕೊನೆ ಎಂಟು ಕಿಲೋ ಇದೆ, 15 ಮೀಟರ್ ಎತ್ತರದಿಂದ ಬೀಳುತ್ತಿದೆ ಎಂದು ಇಟ್ಟುಕೊಳ್ಳೋಣ. ಕೊಯ್ದ ಕ್ಷಣದಿಂದ ನಿಮ್ಮ ಬಲೆಗೆ ಬರಲು ಅದಕ್ಕೆ ಎರಡು ಸೆಕೆಂಡೂ ಬೇಡ, 1.75 ಸಾಕು. ಬರುವಾಗ ಅದರ ವೇಗ ಸೆಕೆಂಡಿಗೆ 17 ಮೀಟರ್, ಅಂದರೆ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತದೆ. ಎಂಟನ್ನು ಹದಿನೇಳರಿಂದ ಗುಣಿಸಿದರೆ 136. ರಾಶಿ ಮತ್ತು ವೇಗದ ಈ ಗುಣಲಬ್ಧವನ್ನೇ ಸಂವೇಗ ಎನ್ನುವುದು. ನೀವು ಏನೇ ಮಾಡಿ, ಈ 136 ಸೊನ್ನೆಯಾಗಲೇಬೇಕು. ಸೊಸೈಟಿಯ ಸಾಲದ ಹಾಗೆ: ಮೊತ್ತ ಬದಲಾಗುವುದಿಲ್ಲ, ಎಷ್ಟು ಕಂತಿನಲ್ಲಿ ತೀರಿಸುತ್ತೀರಿ ಎಂಬುದಷ್ಟೇ ನಿಮ್ಮ ಕೈಯಲ್ಲಿದೆ.

ಸಡಿಲವಾದ ಬಲೆ ಒಂದು ಮೀಟರ್ ಕೆಳಗೆ ಜಗ್ಗಿ ಕೊನೆಯನ್ನು ನಿಲ್ಲಿಸಿದರೆ ಅದಕ್ಕೆ ಸುಮಾರು 0.12 ಸೆಕೆಂಡು ಹಿಡಿಯುತ್ತದೆ. ಆಗ ಬಲೆಯ ಮೇಲೆ ಬೀಳುವ ಬಲ ಸರಾಸರಿ 130 ಕಿಲೋ ಹೊರೆಯಷ್ಟು. ಇಬ್ಬರು ಹಂಚಿಕೊಂಡರೆ ತಲಾ 65. ಹೊತ್ತುಕೊಂಡು ನಡೆಯುವಷ್ಟು ಹೊತ್ತು ಇಲ್ಲವಾದ್ದರಿಂದ ತಡೆಯಬಹುದು, ತುಸು ಮುಂದಕ್ಕೆ ಎಳೆದಂತಾಗುತ್ತದೆ. ನೀವು ಬಿಗಿಯಾಗಿ ಹಿಡಿದು ಬಲೆ 20 ಸೆಂಟಿಮೀಟರ್ ಮಾತ್ರ ಜಗ್ಗಿತು ಎನ್ನಿ. ಬಲ 600 ಕಿಲೋ ದಾಟುತ್ತದೆ. ಬಲೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಇಲ್ಲವೇ ಕೈಯನ್ನೂ ಕರೆದುಕೊಂಡು ಹೋಗುತ್ತದೆ. ಇನ್ನು ನೆಲ: ಮಣ್ಣು ಐದು ಸೆಂಟಿಮೀಟರ್ ಅದುಮಿಕೊಂಡರೂ ಹೊಡೆತ 2,400 ಕಿಲೋದ್ದು. ಅದಕ್ಕೇ ಕೊನೆ ನೆಲಕ್ಕೆ ಬಿದ್ದರೆ ಅಡಿಕೆ ಸಿಡಿದು ತೋಟದ ತುಂಬಾ ಚದುರುತ್ತದೆ, ಹೆಕ್ಕುವುದಕ್ಕೆ ಮತ್ತೊಂದು ಆಳು ಬೇಕು.

ದೋಟಿ ಬರುವ ಮೊದಲು ಕೊನೆಗೌಡ ಮರ ಹತ್ತುತ್ತಿದ್ದ, ಕೊಯ್ದ ಕೊನೆಯನ್ನು ನೇಣಿನ ಮೇಲೆ ಜಾರಿಸುತ್ತಿದ್ದ. ಕೆಳಗೆ ದೂರದಲ್ಲಿ ಒಬ್ಬ ನೇಣಿನ ತುದಿ ಹಿಡಿದು ನಿಂತಿರುತ್ತಿದ್ದ. ಓರೆ ನೇಣಿನ ಉದ್ದಕ್ಕೂ ಉಜ್ಜಿಕೊಂಡು ಬರುವಾಗ ಸಾಲದ ಬಹುಪಾಲು ದಾರಿಯಲ್ಲೇ ತೀರಿಹೋಗುತ್ತಿತ್ತು. ನಮ್ಮ ತೋಟದಲ್ಲಿ ನೇಣು ಹಿಡಿಯುತ್ತಿದ್ದವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕೊನೆ ಹತ್ತಿರ ಬರುತ್ತಿದ್ದಂತೆ ಅವನ ಮೊಣಕಾಲು ತಾನಾಗಿ ಬಗ್ಗುತ್ತಿತ್ತು, ಕೈ ಎದೆಯ ಕಡೆಗೆ ಬರುತ್ತಿತ್ತು. ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ ಹಿಡಿದ 210 ಕ್ಯಾಚುಗಳಲ್ಲಿ ಯಾವುದನ್ನಾದರೂ ನಿಧಾನಗತಿಯಲ್ಲಿ ಹಾಕಿ ನೋಡಿ, ಚೆಂಡು ತಾಗಿದೊಡನೆ ಕೈ ಹಿಂದೆ ಸರಿಯುತ್ತದೆ. ನಮ್ಮ ನೇಣಿನವನ ಕೈಯೂ ಹೀಗೆಯೇ ಇತ್ತು. ಅವನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ ಎನ್ನುವುದು ಬೇರೆ ಮಾತು.

ಪ್ರಶ್ನೆ: ಭಾರದ ವಸ್ತು ಬೇಗ ಬೀಳುತ್ತದೆ ಎಂದು ಅಜ್ಜ ಹೇಳುತ್ತಾರೆ. ಎಲ್ಲವೂ ಒಟ್ಟಿಗೇ ಬೀಳುತ್ತವೆ ಎಂದು ನಮ್ಮ ಟೀಚರ್ ಹೇಳುತ್ತಾರೆ. ಯಾರು ಸರಿ?
(ಎಂಟನೆಯ ತರಗತಿಯ ವಿದ್ಯಾರ್ಥಿನಿ, ಯಲ್ಲಾಪುರ)

ಉತ್ತರ: ತಂಗಿ, ಒಂದು ಪಾಠಪುಸ್ತಕ ತೆಗೆದುಕೋ, ಅದಕ್ಕಿಂತ ಚಿಕ್ಕದಾದ ಒಂದು ಕಾಗದದ ಹಾಳೆ ತೆಗೆದುಕೋ. ಮೊದಲು ಎರಡನ್ನೂ ಬೇರೆ ಬೇರೆ ಕೈಯಿಂದ ಬಿಡು: ಅಜ್ಜ ಗೆಲ್ಲುತ್ತಾರೆ. ಆಮೇಲೆ ಹಾಳೆಯನ್ನು ಪುಸ್ತಕದ ಮೇಲಿಟ್ಟು ಬಿಡು. ಹಾಳೆ ಪುಸ್ತಕಕ್ಕೆ ಅಂಟಿಕೊಂಡಂತೆ ಜೊತೆಯಲ್ಲೇ ನೆಲ ಮುಟ್ಟುತ್ತದೆ. ಅದಕ್ಕೆ ಅಡ್ಡ ಬರುತ್ತಿದ್ದ ಗಾಳಿಯನ್ನು ಈಗ ಪುಸ್ತಕ ಸರಿಸಿಕೊಟ್ಟಿತು. ಅಂದರೆ ಅಜ್ಜ ನೋಡಿದ್ದು ಗಾಳಿಯ ಆಟವನ್ನು. ಟೀಚರ್ ಹೇಳುತ್ತಿರುವುದು ಭೂಮಿಯ ಎಳೆತದ ಬಗ್ಗೆ.

ವಸ್ತುವಿನ ರಾಶಿ ಎರಡು ಪಟ್ಟಾದರೆ ಭೂಮಿ ಎರಡು ಪಟ್ಟು ಎಳೆಯುತ್ತದೆ, ನಿಜ. ಆದರೆ ಕದಲುವುದಕ್ಕೆ ಅದು ತೋರಿಸುವ ಮೊಂಡುತನವೂ ಎರಡು ಪಟ್ಟು. ಲಾಭ ನಷ್ಟ ಸರಿಹೋಗುತ್ತದೆ. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಗಾಳಿಯೇ ಇಲ್ಲದ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆಯನ್ನೂ ಇನ್ನೊಂದರಿಂದ ಗಿಡುಗದ ಗರಿಯನ್ನೂ ಬಿಟ್ಟರು. ಎರಡೂ ಒಟ್ಟಿಗೆ ಬಿದ್ದವು. ಆ ದೃಶ್ಯವನ್ನು ಅಜ್ಜನಿಗೆ ಮೊಬೈಲಿನಲ್ಲಿ ತೋರಿಸು.

ಆದರೂ ಅಜ್ಜನನ್ನು ಪೂರ್ತಿ ಸೋಲಿಸಬೇಡ, ಗಾಳಿ ಸಣ್ಣ ಸಂಗತಿಯಲ್ಲ. ಮಳೆಹನಿ ಎರಡು ಕಿಲೋಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದಿದ್ದರೆ ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುತ್ತಿತ್ತು. ನಮ್ಮ ಆಷಾಢದಲ್ಲಿ ಕೊಡೆ ಹಾಗಿರಲಿ, ಹೆಂಚೂ ಉಳಿಯುತ್ತಿರಲಿಲ್ಲ. ಗಾಳಿ ತಡೆಯುವುದರಿಂದ ದೊಡ್ಡ ಹನಿಯೂ ಸುಮಾರು 32ರಲ್ಲಿ, ಸೈಕಲ್ಲನ್ನು ಜೋರಾಗಿ ತುಳಿದಷ್ಟು ವೇಗದಲ್ಲಿ ಬೀಳುತ್ತದೆ. ಜೋಗಕ್ಕೆ ಹೋದಾಗಲೂ ಇದನ್ನು ಗಮನಿಸು. ರಾಜಾ ಧಾರೆಯ ಎತ್ತರ 253 ಮೀಟರ್. ಗಾಳಿಯಿಲ್ಲದಿದ್ದರೆ ನೀರು 7.2 ಸೆಕೆಂಡಿನಲ್ಲಿ ತಳ ಮುಟ್ಟಬೇಕು. ಮೇಲಿನ ಅಂಚಿನಲ್ಲಿ ಒಂದು ಬಿಳಿಯ ಮುದ್ದೆಯನ್ನು ಕಣ್ಣಿನಲ್ಲಿ ಹಿಡಿದು, ಅದು ಹನಿಯಾಗಿ ಚದುರಿ ಕೆಳಗಿನ ಮಂಜಿನಲ್ಲಿ ಸೇರುವವರೆಗೆ ಎಣಿಸು. ಹೆಚ್ಚೇ ಬರುತ್ತದೆ. ಎಷ್ಟು ಬಂತೆಂದು ಬರೆದು ಕಳುಹಿಸು.

ಪ್ರಶ್ನೆ: ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸಿದ್ಧಪಡಿಸಿದ ಪ್ರಯೋಗದಲ್ಲಿ ಹೆಸರುಕಾಳು, ಮೆಂತ್ಯ ಶುಭಾಂಶು ಶುಕ್ಲಾ ಅವರ ಜೊತೆ ಬಾಹ್ಯಾಕಾಶಕ್ಕೆ ಹೋಗಿ ಮೊಳಕೆ ಬಂದವು ಎಂದು ಓದಿ ಹೆಮ್ಮೆಯಾಯಿತು. ಅಲ್ಲಿ ಗುರುತ್ವಾಕರ್ಷಣೆ ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಬಿಟ್ಟು ಹೋಗಬೇಕಲ್ಲವೇ?
(ಗೃಹಿಣಿ, ಧಾರವಾಡ)

ಉತ್ತರ: ಅಕ್ಕಾವರೇ, ನಿಮ್ಮ ಅನುಮಾನವೇ ಸರಿ, ಸುದ್ದಿಯಲ್ಲಿ ಬರುವ ‘ಶೂನ್ಯ ಗುರುತ್ವ’ ಎಂಬ ಮಾತೇ ತಪ್ಪು. ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದಷ್ಟು ದೂರ. ಅಷ್ಟಕ್ಕೆ ಭೂಮಿ ಕೈಬಿಡುತ್ತದೆಯೇ? ಅಲ್ಲಿಯೂ ಎಳೆತ ಇಲ್ಲಿನದರ ನೂರಕ್ಕೆ 89ರಷ್ಟು ಇದೆ. ಅಷ್ಟೆತ್ತರದ ಗೋಪುರ ಕಟ್ಟಿ ಅದರ ಮೇಲೆ ತಕ್ಕಡಿ ಇಟ್ಟು ನಿಂತರೆ 60 ಕಿಲೋದವರು 53 ತೂಗುತ್ತಾರೆ.

ಮತ್ತೆ ತೇಲುವುದೇಕೆ? ಅವರು ತೇಲುತ್ತಿಲ್ಲ, ಬೀಳುತ್ತಿದ್ದಾರೆ. ಜಾತ್ರೆಯ ದೊಡ್ಡ ತೊಟ್ಟಿಲು ಮೇಲಿನಿಂದ ಕೆಳಕ್ಕೆ ತಿರುಗುವಾಗ ಹೊಟ್ಟೆಯೊಳಗೆ ಒಂದು ಬಗೆ ಆಗುತ್ತದಲ್ಲ, ಕುಳಿತ ಹಲಗೆ ಮೈಯನ್ನು ಒತ್ತುವುದು ಕಡಿಮೆಯಾದಾಗ ಹಾಗಾಗುತ್ತದೆ. ‘ತೂಕ’ ಎಂದು ನಮಗೆ ಅನುಭವಕ್ಕೆ ಬರುವುದು ಭೂಮಿಯ ಎಳೆತವಲ್ಲ, ನೆಲವೋ ಕುರ್ಚಿಯೋ ನಮ್ಮನ್ನು ಮೇಲಕ್ಕೆ ಒತ್ತುವುದು. ನಿಲ್ದಾಣವೂ ಅದರೊಳಗಿನವರೂ ಮೆಂತ್ಯದ ಕಾಳೂ ಒಂದೇ ಸಮನೆ ಬೀಳುತ್ತಿರುವಾಗ ಯಾವುದು ಯಾವುದನ್ನು ಒತ್ತಬೇಕು?

ಬಿದ್ದರೂ ನೆಲ ಮುಟ್ಟುವುದಿಲ್ಲ ಎನ್ನುವುದರಲ್ಲೇ ಸೊಗಸಿದೆ. ನಿಲ್ದಾಣ ಒಂದು ಸೆಕೆಂಡಿಗೆ 7.66 ಕಿಲೋಮೀಟರ್ ಅಡ್ಡಕ್ಕೆ ಸಾಗುತ್ತದೆ. ಆ ಒಂದು ಸೆಕೆಂಡಿನಲ್ಲಿ ಅದು ನೇರ ದಾರಿಯಿಂದ 4.3 ಮೀಟರ್ ಕೆಳಗೆ ಬೀಳುತ್ತದೆ. ಅದರ ದಾರಿ ಭೂಮಿಯ ದುಂಡನೆಯನ್ನೇ ಅನುಸರಿಸಬೇಕಾದರೆ ಬಾಗಬೇಕಾದದ್ದೂ ಸರಿಯಾಗಿ ಅಷ್ಟೇ, 4.3 ಮೀಟರ್! ಹೀಗೆ ಬೀಳುತ್ತ ಬೀಳುತ್ತ 92 ನಿಮಿಷಕ್ಕೊಂದು ಸುತ್ತು. ಶುಕ್ಲಾ ಅವರು 2025ರ ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದರು. ನಿಲ್ದಾಣದಲ್ಲಿದ್ದಷ್ಟು ದಿನವೂ ಅವರು ಬೀಳುತ್ತಲೇ ಇದ್ದರು. ನಿಮ್ಮ ಊರಿನ ಮೆಂತ್ಯ ಬೀಳುತ್ತಲೇ ಮೊಳಕೆಯೊಡೆಯಿತು. ನನ್ನ ಮಟ್ಟಿಗೆ ತೇಲಿದ್ದಕ್ಕಿಂತ ಇದೇ ದೊಡ್ಡ ಸುದ್ದಿ.

ಪ್ರಶ್ನೆ: ಭೂಮಿ ಅಷ್ಟು ಜೋರಾಗಿ ತಿರುಗುತ್ತಿದ್ದರೆ ನಮಗೆ ತಲೆ ಸುತ್ತುವುದಿಲ್ಲವೇಕೆ?
(ಕಿರಾಣಿ ಅಂಗಡಿಯವರು, ಸಾಗರ)

ಉತ್ತರ: ಜೋರು ಹೌದು, ನಮ್ಮ ಸೀಮೆಯಲ್ಲಿ ಗಂಟೆಗೆ ಸುಮಾರು 1,620 ಕಿಲೋಮೀಟರ್. ಆದರೆ ಒಂದು ಸುತ್ತಿಗೆ ಇಡೀ ದಿನ ಬೇಕು, ತಿರುವು ಅಷ್ಟು ನಿಧಾನ. ಬ್ರೇಕೂ ಇಲ್ಲ, ಗುಂಡಿಯೂ ಇಲ್ಲ. ತಿರುಗುವುದರಿಂದ ನಮಗಾಗುವುದೆಲ್ಲ ಸೇರಿ, 60 ಕಿಲೋದವರು ಸ್ಪ್ರಿಂಗ್ ತಕ್ಕಡಿಯಲ್ಲಿ 200 ಗ್ರಾಮಿನಷ್ಟು ಕಡಿಮೆ ತೂಗುತ್ತಾರೆ. ಗಿರಾಕಿಗಳಿಗೆ ಈ ಕಾರಣ ಹೇಳಿ ತೂಕ ಕಡಿಮೆ ಕೊಡಬೇಡಿ.

ಕೊನೆಯಲ್ಲಿ ಒಂದು ಒಪ್ಪಿಗೆ. ಬಲವನ್ನು ಕಿಲೋ ಲೆಕ್ಕದಲ್ಲಿ ಬರೆಯುತ್ತೇನೆಂದು ಹೊನ್ನಾವರದಿಂದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಕಾರ್ಡು ಬರೆದು ಗದರಿದ್ದಾರೆ. ಈ ಸಲವೂ ಹಾಗೆಯೇ ಬರೆದಿದ್ದೇನೆ. ನ್ಯೂಟನ್ ಬೇಕಾದವರು 9.8ರಿಂದ ಗುಣಿಸಿಕೊಳ್ಳಲಿ. ಬಲೆ ಹಿಡಿದು ನಿಂತವನಿಗೆ ಕಿಲೋ ಹೇಳಿದರೇ ಭಾರ ತಿಳಿಯುವುದು.