ಐಬಿಎಸ್‌ಗೆ ಮಲ ಕಸಿಯನ್ನು ಮನೆಯಲ್ಲೇ ಮಾಡಬಹುದೇ?

ಪುಣೆಯ ಚಿಂಚವಾಡದಲ್ಲಿರುವ ತಾಯಿಗೆ ಐಬಿಎಸ್ (ಹೊಟ್ಟೆನೋವಿನ ಜೊತೆ ಭೇದಿಯೋ ಮಲಬದ್ಧತೆಯೋ ಪದೇ ಪದೇ ಕಾಡುವ ಕರುಳಿನ ತೊಂದರೆ) ಇದೆ, ತಮ್ಮನ ಮಲವನ್ನು ಮಿಕ್ಸಿಯಲ್ಲಿ ಕದಡಿ ಎನಿಮಾ ಕೊಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ.

ಮಲ ಕಸಿ, ಅಂದರೆ ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ, ಗಟ್ಟಿಯಾಗಿ ನೆಲೆ ಕಂಡಿರುವುದು ಒಂದೇ ಕಾಯಿಲೆಯಲ್ಲಿ: ಆಂಟಿಬಯಾಟಿಕ್ ತಿಂದ ಮೇಲೆ ಮರುಕಳಿಸುತ್ತಲೇ ಇರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ (ಸಿ. ಡಿಫಿಸಿಲ್) ಎಂಬ ಬ್ಯಾಕ್ಟೀರಿಯಾದ ಭೇದಿ. 2013ರ ಡಚ್ ಪ್ರಯೋಗದಲ್ಲಿ ಮೊದಲ ಕಸಿಗೇ 16ರಲ್ಲಿ 13 ಜನ ಗುಣವಾದರು. ಐಬಿಎಸ್ ಕಥೆಯೇ ಬೇರೆ. ನಾರ್ವೆಯಲ್ಲಿ ಒಬ್ಬನೇ ದಾನಿಯ ಮಲ ಪಡೆದವರಲ್ಲಿ ಹೆಚ್ಚಿನವರು ಸುಧಾರಿಸಿದರೆ, ಡೆನ್ಮಾರ್ಕಿನ ಕ್ಯಾಪ್ಸೂಲ್ ಪ್ರಯೋಗದಲ್ಲಿ ಹುಸಿ ಮಾತ್ರೆ ನುಂಗಿದವರೇ ಮೇಲಾದರು. ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕೆಲವರಿಗೆ ಫಲ ಸಿಗುತ್ತದೆ, ಆದರೆ ಒಂದು ಸಲಕ್ಕೆ ಮುಗಿಯುವುದಿಲ್ಲ.

ತಯಾರಿಕೆ ಸುಲಭ, ನಿಜ. ಸುಮಾರು 50 ಗ್ರಾಂ ತಾಜಾ ಮಲ, 200–250 ಮಿಲಿ ನಾರ್ಮಲ್ ಸಲೈನ್. ಕದಡಿ, ಸೋಸಿ, 6 ಗಂಟೆಯೊಳಗೆ ಕೊಲೊನೋಸ್ಕೋಪಿಯಲ್ಲಿ (ಗುದದ್ವಾರದಿಂದ ತೂರಿಸುವ ಕ್ಯಾಮೆರಾ ಕೊಳವೆಯಿಂದ) ಬಿಡುತ್ತಾರೆ. ಕೂಡಲೇ ಬಳಸದಿದ್ದರೆ ಗ್ಲಿಸರಾಲ್ ಸೇರಿಸಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಮನೆಯ ಫ್ರೀಜರ್ ಸಾಲದು. ಮಿಕ್ಸಿ ನೊರೆ ಬರುವಂತೆ ತಿರುಗಿದರೆ ಗಾಳಿ ಸೇರುತ್ತದೆ, ಆಮ್ಲಜನಕ ತಾಳದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಬೇಕಾಗಿರುವುದು ಅವೇ.

ಕಷ್ಟವಿರುವುದು ದಾನಿಯ ಪರೀಕ್ಷೆಯಲ್ಲಿ. ಎಚ್‌ಐವಿ, ಹೆಪಟೈಟಿಸ್ ಎ, ಬಿ, ಸಿ, ಸಿಫಿಲಿಸ್, ಹೊಟ್ಟೆಹುಳು, ಅಮೀಬಾ ನೋಡಿದರೆ ಮುಗಿಯಲಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ ಹುಡುಕಬೇಕು. ಅಮೆರಿಕದಲ್ಲಿ ಈ ಒಂದು ಪರೀಕ್ಷೆ ಬಿಟ್ಟುಹೋಗಿ, ಒಬ್ಬನೇ ದಾನಿಯಿಂದ ಇಬ್ಬರಿಗೆ ಇಎಸ್‌ಬಿಎಲ್ ಇ. ಕೋಲಿ ಎಂಬ ಇಂಥದೇ ಬ್ಯಾಕ್ಟೀರಿಯಾದ ಸೋಂಕು ತಗುಲಿತು, ಒಬ್ಬರು ಸತ್ತರು. 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ನಮ್ಮಲ್ಲಂತೂ ಗಟ್ಟಿಮುಟ್ಟಾದವರ ಕರುಳಿನಲ್ಲೂ ಇಂಥವು ಧಾರಾಳವಾಗಿವೆ. ಕಳೆದ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ಮುಟ್ಟಿಲ್ಲ ಎನ್ನುವವರೂ ಬೇಕು. ಜ್ವರ ಬಂದರೆ ಮೆಡಿಕಲ್ ಅಂಗಡಿಗೆ ಓಡುವ ನಮ್ಮ ಜನರಲ್ಲಿ ಹುಡುಕಿ ನೋಡಿ!

ಮೊದಲು ಗ್ಯಾಸ್ಟ್ರೋಎಂಟರಾಲಜಿಸ್ಟ್ ಹತ್ತಿರ ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆ) ರಕ್ತಪರೀಕ್ಷೆ, ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. ಕ್ಯಾಲ್‌ಪ್ರೊಟೆಕ್ಟಿನ್ ಹೆಚ್ಚಿದ್ದರೆ ಅದನ್ನು ಐಬಿಎಸ್ ಎಂದು ಸುಮ್ಮನಿರುವಂತಿಲ್ಲ, ಉರಿಯೂತ ಎಲ್ಲಿದೆ ಎಂದು ನೋಡಬೇಕು. ಆಂಟಿಬಯಾಟಿಕ್ ತಿಂದ ನಂತರ ಭೇದಿ ಶುರುವಾಗಿದ್ದರೆ ಸಿ. ಡಿಫಿಸಿಲ್ ಟಾಕ್ಸಿನ್ ಪರೀಕ್ಷೆಯನ್ನೂ ಕೇಳಿ.

ಮರುಕಳಿಸುವ ಸಿ. ಡಿಫಿಸಿಲ್ಲೇ ಎಂದು ಖಚಿತವಾಗಿ ಮುಂಬೈಯಲ್ಲಿ ಕಸಿ ಮಾಡಿಸುವ ಪ್ರಸಂಗ ಬಂದರೆ, ಅದಕ್ಕೆ ಕೊಡುವ ಆಂಟಿಬಯಾಟಿಕ್ ವ್ಯಾಂಕೊಮೈಸಿನ್ ಅನ್ನು 24ರಿಂದ 48 ಗಂಟೆ ಮೊದಲೇ ನಿಲ್ಲಿಸಿರುತ್ತಾರೆ. ಇಲ್ಲದಿದ್ದರೆ ಹೊಸ ಬ್ಯಾಕ್ಟೀರಿಯಾಗಳನ್ನೂ ಅದೇ ಕೊಲ್ಲುತ್ತದೆ. ಒಳಗೆ ಬಿಟ್ಟದ್ದನ್ನು ಕೆಲವು ಗಂಟೆ ತಡೆಹಿಡಿಯಬೇಕಾದ್ದರಿಂದ ಅಂದೇ ಸಂಜೆ ಪುಣೆಗೆ ಹೋಗುವ ಡೆಕ್ಕನ್ ಕ್ವೀನ್ ರೈಲು ಹತ್ತಿಸಬೇಡಿ, ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ನೆಂಟರಿದ್ದರೆ ರಾತ್ರಿ ಅಲ್ಲೇ ಉಳಿಸಿ.